ಅಸ್ಮಾ ಅವರ ದುಡಿಮೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಪ್ರವಾದಿ ಮುಹಮ್ಮದ್ ಮೆಕ್ಕಾದಿಂದ ಮದೀನಾಕ್ಕೆ ವಲಸೆ ಹೋದ ಘಟನೆಯಾದ ಹಿಜ್ರಾ ಬಗ್ಗೆ ಬರೆಯುವವರು, ಪ್ರವಾದಿಯವರ ಒಡನಾಡಿ ಅಬೂಬಕರ್ ಅವರ ಮಗಳು ಅಸ್ಮಾ ಅವರನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್ ಮತ್ತು ಅಬೂಬಕರ್ ಮೆಕ್ಕಾದಿಂದ ಹೊರಟಾಗ ಬುತ್ತಿ ಕಟ್ಟಲು ಏನೂ ಸಿಗದೆ, ಅಸ್ಮಾ ತಮ್ಮ ಸೊಂಟಪಟ್ಟಿಯನ್ನೇ ಎರಡಾಗಿ ಸೀಳಿ ಕಟ್ಟಿಕೊಟ್ಟರು. ‘ಎರಡು ಸೊಂಟಪಟ್ಟಿಯವರು’ ಎಂಬ ಹೆಸರು ಬಂದದ್ದು ಹಾಗೆ.

ಮದೀನಾದ ಅವರ ಬದುಕು ಇದಕ್ಕಿಂತ ದೊಡ್ಡ ಕಥೆ. ಪ್ರವಾದಿಯವರ ಮಾತು, ನಡೆಗಳ ವರದಿಗಳಾದ ಹದೀಸ್‌ಗಳ ಸಂಗ್ರಹಗಳಲ್ಲಿ ಅದು ಅವರ ಮಾತಿನಲ್ಲೇ ಉಳಿದಿದೆ. ಪತಿ ಜುಬೈರ್ ಅವರಿಗೆ ಒಂದು ಕುದುರೆ, ನೀರು ಹೊರುವ ಒಂದು ಒಂಟೆ ಬಿಟ್ಟರೆ ಆಸ್ತಿಯಿರಲಿಲ್ಲ. ಕುದುರೆಗೆ ಮೇವು ಹಾಕುವುದು, ನೀರು ಸೇದುವುದು, ನೀರೆತ್ತುವ ತೊಗಲಿನ ಚೀಲ ಹೊಲಿಯುವುದು, ಹಿಟ್ಟು ನಾದುವುದು ಎಲ್ಲವೂ ಅಸ್ಮಾ ಅವರ ಪಾಲು. ರೊಟ್ಟಿ ಸುಡುವುದು ಮಾತ್ರ ಕೈಗೆ ಹತ್ತಿರಲಿಲ್ಲ. ನೆರೆಯ ಅನ್ಸಾರಿ (ಮದೀನಾದ ಸ್ಥಳೀಯ ಮುಸ್ಲಿಂ) ಹೆಂಗಸರು ಸುಟ್ಟುಕೊಡುತ್ತಿದ್ದರು. ಅವರನ್ನು ‘ಸತ್ಯವಂತ ಹೆಂಗಸರು’ ಎಂದು ಅಸ್ಮಾ ನೆನೆಯುತ್ತಾರೆ.

ಜುಬೈರ್ ಅವರಿಗೆ ಆಮೇಲೆ ಸಿಕ್ಕ ಜಮೀನು ಮನೆಯಿಂದ ಫರ್ಸಖ್ ಎಂಬ ಹಳೆಯ ದೂರದ ಅಳತೆಯ 3ರಲ್ಲಿ 2 ಪಾಲು, ಅಂದರೆ ಸುಮಾರು ಮೂರೂವರೆ ಕಿಲೋಮೀಟರ್ ದೂರ. ಅಲ್ಲಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರಬೇಕಿತ್ತು. ಅವನ್ನು ಕುಟ್ಟಿ ಒಂಟೆಗೆ ತಿನ್ನಿಸುತ್ತಿದ್ದರು. ಕುಟ್ಟದೆ ಹಾಕಲು ಬೀಜ ಕಲ್ಲಿನಷ್ಟು ಗಟ್ಟಿ. ಕೊನೆಗೆ ತಂದೆ ಕುದುರೆ ನೋಡಿಕೊಳ್ಳಲು ಆಳೊಬ್ಬರನ್ನು ಕಳಿಸಿದಾಗ, ತನಗೇ ಬಿಡುಗಡೆ ಸಿಕ್ಕಂತಾಯಿತು ಎಂದರು ಅಸ್ಮಾ.

ಹಿಜ್ರಾ ಕುರಿತ ಲೇಖನಗಳಲ್ಲಿ ಈ ವಿವರಗಳಿಗೂ ದಯವಿಟ್ಟು ಜಾಗ ಕೊಡಿ.

– ಓರ್ವ ಓದುಗ