‘ಸಾಲದು’ ಎಂಬ ಷರಾ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಮಕ್ಕಳ ಕೈಯಲ್ಲಿ ಕಳುಹಿಸಿದ ಅರ್ಧವಾರ್ಷಿಕ ಪ್ರಗತಿಪತ್ರದ ಷರಾ ಕಾಲಂನಲ್ಲಿ ‘ಅಭ್ಯಾಸ ಸಾಲದು’ ಎಂದು ಬರೆದಿರುವುದಕ್ಕೆ ಎಂಟನೆಯ ತರಗತಿಯ ಹಲವು ಪೋಷಕರು ಬೇಸರಗೊಂಡಿದ್ದು, ಒಬ್ಬರು ಶಾಲೆಗೇ ಬಂದು ‘ಮಗುವನ್ನು ಹೀಗಳೆದಿದ್ದೀರಿ’ ಎಂದು ಹೇಳಿ ಹೋಗಿದ್ದಾರೆ. ಅವರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಪದವನ್ನು ನಾವು ಶಿಕ್ಷಕರೆಲ್ಲ ಕುಳಿತು, ಯೋಚಿಸಿಯೇ ಆರಿಸಿಕೊಂಡೆವು.

ಕಳೆದ ವರ್ಷದವರೆಗೆ ಇದೇ ಕಾಲಂನಲ್ಲಿ ‘ಆಸಕ್ತಿಯ ಅಭಾವ’ ಎಂದು ಬರೆಯುತ್ತಿದ್ದೆವು. ಆಗ ಯಾರೂ ಆಕ್ಷೇಪಿಸಲಿಲ್ಲ. ಸಂಸ್ಕೃತದ ಪದವಾದ್ದರಿಂದ ಗೌರವವಾಗಿ ಕೇಳಿಸಿತೋ ಏನೋ. ಅಭಾವವೆಂದರೆ ಮೂಲತಃ ಇಲ್ಲದಿರುವಿಕೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ‘ನೀರಿನ ಅಭಾವ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. ಅಲ್ಲಿ ಅದು ಕೊರತೆಯೆಂಬ ಸಡಿಲ ಅರ್ಥದಲ್ಲಿ ನಡೆದುಹೋಗುತ್ತದೆ. ಮಗುವಿನ ಆಸಕ್ತಿಯ ವಿಷಯದಲ್ಲಿ ಆ ಸಡಿಲತೆ ಸಲ್ಲದು. ‘ಕೊರತೆ’ ಲೆಕ್ಕದ ಪದ. ಬಜೆಟ್ಟಿಗೂ ಬೆಂಚುಗಳಿಗೂ ಒಪ್ಪುತ್ತದೆ. ‘ನ್ಯೂನತೆ’ ಎಂದರೆ ದೋಷದ ಛಾಯೆ ಬರುತ್ತದೆ. ‘ಹೀನ’ ಎಂದು ಕೊನೆಯಾಗುವ ಪದಗಳನ್ನಂತೂ ನಮ್ಮ ಶಾಲೆಯಲ್ಲಿ ಬಳಸಕೂಡದೆಂದು ಹೇಳಿದ್ದೇನೆ.

ಉಳಿದದ್ದು ‘ಸಾಲದು’. ‘ಬೇಕು’ ಎಂಬುದಕ್ಕೆ ‘ಬೇಡ’ ಇದ್ದಂತೆ ‘ಸಾಕು’ ಎಂಬುದಕ್ಕೆ ‘ಸಾಲದು’. ಏನೂ ಇಲ್ಲದ ಕಡೆ ಈ ಪದ ನಿಲ್ಲುವುದೇ ಇಲ್ಲ. ಸಾರಿಗೆ ಉಪ್ಪು ಸಾಲದು ಎಂದಾಗ ಉಪ್ಪು ಬಿದ್ದಿದೆ, ಇನ್ನೊಂದು ಚಿಟಿಕೆ ಬೇಕು ಎಂದು ತಾನೇ ಅರ್ಥ? ಹಾಗೆಯೇ ‘ಅಭ್ಯಾಸ ಸಾಲದು’ ಎಂದು ಬರೆಸಿಕೊಂಡ ಮಗು ಅಭ್ಯಾಸ ಮಾಡಿದೆ, ಇನ್ನಷ್ಟು ಮಾಡಬೇಕಾಗಿದೆ. ಇದು ಅಭ್ಯಾಸದ ಪ್ರಮಾಣಕ್ಕೆ ಹೇಳಿದ ಮಾತು, ಮಗುವಿಗೆ ಹೇಳಿದ್ದಲ್ಲ. ದಯವಿಟ್ಟು ವಾಕ್ಯದ ಕರ್ತೃಪದವನ್ನು ಗಮನಿಸಿ: ಸಾಲದಿರುವುದು ಅಭ್ಯಾಸ, ನಿಮ್ಮ ಮಗನೂ ಅಲ್ಲ, ಮಗಳೂ ಅಲ್ಲ.

ಆದರೂ ಮಾತಿನಲ್ಲಿ ಈ ಪದಕ್ಕೆ ಇನ್ನೊಂದು ಮುಖವಿದೆ ಎಂಬುದನ್ನು ಒಪ್ಪುತ್ತೇನೆ. ‘ಅವನಿಗೆ ಬುದ್ಧಿ ಸಾಲದು’ ಎಂದು ನಾವೆಲ್ಲ ಕೇಳಿ ಬೆಳೆದವರೇ, ಕೆಲವರು ಅನ್ನಿಸಿಕೊಂಡವರೂ ಹೌದು. ಆ ನೆನಪಿನಿಂದಲೇ ಷರಾ ಚುಚ್ಚಿದ್ದರೆ ಆಶ್ಚರ್ಯವಿಲ್ಲ. ಅದೂ ಸಾಲದೆಂಬಂತೆ, ಆರೇಳು ಪ್ರಗತಿಪತ್ರಗಳಲ್ಲಿ ಏನು ಸಾಲದು ಎಂಬುದನ್ನೇ ಬರೆಯದೆ, ಬರೀ ‘ಸಾಲದು’ ಎಂದು ಬಿಟ್ಟಿದ್ದೇವೆ. ಅದು ನಮ್ಮ ತಪ್ಪು. ಅವನ್ನು ತರಿಸಿಕೊಂಡು ‘ಬೀಜಗಣಿತದ ಲೆಕ್ಕಗಳ ಅಭ್ಯಾಸ ಸಾಲದು’, ‘ಗಟ್ಟಿಯಾಗಿ ಓದುವ ರೂಢಿ ಸಾಲದು’ ಎಂಬಂತೆ ಪೂರ್ಣವಾಗಿ ಬರೆದುಕೊಡುತ್ತೇವೆ. ಪದವನ್ನು ಮಾತ್ರ ಬದಲಿಸುವುದಿಲ್ಲ. ‘ಪರವಾಗಿಲ್ಲ’ ಎಂದು ಬರೆಯಿರಿ ಎಂಬ ಸಲಹೆಯೂ ಬಂದಿದೆ. ಪರವಾಗಿಲ್ಲ ಎಂದು ಓದಿದ ಮಗು ಮರುದಿನ ಯಾವ ಪುಸ್ತಕ ತೆರೆಯಬೇಕು?

ಪ್ರಗತಿಪತ್ರಕ್ಕೆ ಸಹಿ ಮಾಡಿ ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು