ಪ್ಲೈವುಡ್ ತರುವ ಮೊದಲು ತೂಕದ ಲೆಕ್ಕ

ಮಾನ್ಯ ಸದಸ್ಯರಿಗೆ ನಮಸ್ಕಾರ. ವಾಚನಾಲಯದ ಕಪಾಟುಗಳಿಗೆಂದು ಕಾಸರಗೋಡು ಪೇಟೆಯಿಂದ ಬದಿಯಡ್ಕಕ್ಕೆ ತರಲಿರುವ 20 ಪ್ಲೈವುಡ್ ಶೀಟುಗಳಿಗೆ ಯಾವ ವಾಹನ ಸಾಕಾಗಬಹುದೆಂದು ಹಲವರು ವಿಚಾರಿಸಿರುವುದರಿಂದ ಈ ಲೆಕ್ಕವನ್ನು ತಿಳಿಸುತ್ತಿದ್ದೇನೆ.

ಶೀಟಿನ ಉದ್ದ, ಅಗಲ, ದಪ್ಪಗಳನ್ನು ಮೀಟರಿಗೆ ಪರಿವರ್ತಿಸಿ ಗುಣಿಸಿದರೆ ಘನಗಾತ್ರ ದೊರೆಯುತ್ತದೆ. ಅದನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ ಸಿಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಶೀಟಿನ ಘನಗಾತ್ರ 2.44 × 1.22 × 0.018, ಅಂದರೆ ಸುಮಾರು 0.0536 ಘನ ಮೀಟರ್. ಸಾಂದ್ರತೆಯನ್ನು ಘನ ಮೀಟರಿಗೆ 650 ಕಿಲೋ ಎಂದು ಹಿಡಿದರೆ ಒಂದು ಶೀಟು ಸುಮಾರು 35 ಕಿಲೋ, ಇಪ್ಪತ್ತೂ ಸೇರಿ 700 ಕಿಲೋ ಆಗುತ್ತದೆ. 12 ಮಿಲಿಮೀಟರಿನದಾದರೆ ಶೀಟಿಗೆ 23 ಕಿಲೋ.

ಆದರೆ ಸಾಂದ್ರತೆ ಎಲ್ಲ ಪ್ಲೈವುಡ್ಡಿಗೂ ಒಂದೇ ಅಲ್ಲ. ಪಾಪ್ಲರಿನಂತಹ ಹಗುರ ಮರದ ಪದರಗಳಿದ್ದರೆ ತೂಕ ಇಳಿಯುತ್ತದೆ. ಗರ್ಜನ್ ಮರದ್ದಾದರೆ ಸಾಂದ್ರತೆ 700 ದಾಟಬಹುದು, ಹಾಗಾದರೆ ಒಟ್ಟು ಭಾರ 750 ಕಿಲೋ ಮೀರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಒಂದು ಶೀಟನ್ನಾದರೂ ತೂಗಿ ನೋಡುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ನಮ್ಮ ಕಡೆಯ ಮಳೆಯಲ್ಲಿ ನೆನೆದ ಶೀಟು ನೀರು ಹೀರಿ ಇನ್ನಷ್ಟು ಭಾರವಾಗುವುದಲ್ಲದೆ ಅಂಚಿನಲ್ಲಿ ಉಬ್ಬುವುದರಿಂದ ಟರ್ಪಾಲು ಕಡ್ಡಾಯವಾಗಿ ಇರಲಿ. ವಾಹನ ಗೊತ್ತುಮಾಡುವವರು ಅದರ ಆರ್‌ಸಿಯಲ್ಲಿರುವ ಭಾರಮಿತಿಯನ್ನು ಮೊದಲೇ ನೋಡಿಕೊಳ್ಳಬೇಕಾಗಿ ವಿನಂತಿ.