ಅಪ್ಪನ ಕಾಲು ಮತ್ತು ನನ್ನ ಬಿಯರ್ ಯಾತ್ರೆ

ಎರ್ಲಾಂಗೆನ್
ಶನಿವಾರ ಸಂಜೆ

ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಪಾರ್ಸೆಲ್ ಬಂತು. ಶೇಂಗಾ ಚಟ್ನಿಪುಡಿ, ಅಗಸಿ ಪುಡಿ ಎರಡೂ ಭದ್ರವಾಗಿವೆ. ಮಂಡಕ್ಕಿ ಅರ್ಧ ಪುಡಿಯಾಗಿತ್ತು, ಆದರೂ ಒಗ್ಗರಣೆ ಹಾಕಿ ಮುಗಿಸಿದೆ. ಈ ಕಾಗದವನ್ನು ಮಂಜುಗೆ ಮೇಲ್ ಮಾಡುತ್ತಿದ್ದೇನೆ, ಅವನು ಪ್ರಿಂಟ್ ತೆಗೆದು ಕೊಡುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀ, ಅಪ್ಪ ಪಕ್ಕದಲ್ಲೇ ಕೂತು ಎಲ್ಲದಕ್ಕೂ "ಏನಿಲ್ಲ ಬಿಡಮ್ಮ" ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ನಿನ್ನ ಕಾಗದದಲ್ಲಿ ಎರಡು ಪುಟ ಬರೀ ಬಿಯರ್. ದುರ್ಗದ ದೊಡ್ಡಮ್ಮನಿಗೆ ಯಾರು ಹೇಳಿದರೋ, "ನಿಮ್ಮ ಹುಡುಗಿ ಕಾರು ಮಾಡಿಕೊಂಡು ಊರೂರಿಗೆ ಬಿಯರ್ ಕುಡಿಯೋಕೆ ಹೊರಟಿದ್ದಾಳಂತೆ" ಅಂತ. ಕಾರು ನಿಜ, ಊರೂರು ನಿಜ, ಬಿಯರೂ ನಿಜ. ಕುಡಿಯೋದು ಮಾತ್ರ ನಾನಲ್ಲ.

ನಾನು ಅಲ್ಲಿ ಕಾರು ಕಲಿತಿರಲಿಲ್ಲ ಅಲ್ವಾ, ಲೈಸೆನ್ಸ್ ತೆಗೆದಿದ್ದು ಇಲ್ಲೇ. ಇಲ್ಲಿ ಹೊಸ ಲೈಸೆನ್ಸಿನವರಿಗೆ ಮೊದಲ 2 ವರ್ಷ ಪ್ರೊಬೇಷನ್. ಬೇರೆಯವರ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂ ಆಲ್ಕೋಹಾಲ್ ಮುಟ್ಟುವವರೆಗೆ ಸಾಮಾನ್ಯವಾಗಿ ದಂಡವಿಲ್ಲ. ನಮಗೆ ಸೊನ್ನೆ. ಸಿಕ್ಕಿಬಿದ್ದರೆ 250 ಯೂರೊ ದಂಡ, ಲೈಸೆನ್ಸಿಗೆ ಒಂದು ಪಾಯಿಂಟ್, ಪ್ರೊಬೇಷನ್ ಇನ್ನೆರಡು ವರ್ಷ ಮುಂದಕ್ಕೆ. ಹಾಗಾಗಿ ನಮ್ಮ ಗುಂಪಿನಲ್ಲಿ ಕುಡಿಯಲೇಬಾರದವಳು ನಾನೊಬ್ಬಳೇ, ಅದಕ್ಕೇ ನನ್ನನ್ನು ಡ್ರೈವರ್ ಮಾಡಿದ್ದಾರೆ. ಪ್ಲಾನ್ ಮಾಡುವ ಕೆಲಸವೂ ನನ್ನ ತಲೆಗೇ ಬಿತ್ತು. ನಾನು ಕುಡಿಯೋದು ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು. ದೊಡ್ಡಮ್ಮನಿಗೆ ಜರ್ಮನಿಯ ಕಾನೂನೇ ಕಾವಲಿದೆ ಅಂತ ಹೇಳು. ಬರುವವರೆಲ್ಲ ಹುಡುಗಿಯರೇ, ಆಫೀಸಿನ ಇಬ್ಬರು ಮತ್ತು ಪಕ್ಕದ ಮನೆಯ ಪೋಲೆಂಡಿನವಳು. ಅದನ್ನೂ ಹೇಳು.

ಇಷ್ಟಕ್ಕೂ ಇದು ಬಾರಿನಲ್ಲಿ ಕೂರುವ ಪ್ರವಾಸ ಅಲ್ಲ. ನಾನಿರುವ ಜಾಗ ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ಭಾಗ, ಫ್ರಾಂಕೋನಿಯಾ ಅನ್ನುತ್ತಾರೆ. ಇಲ್ಲಿ ಹಳ್ಳಿ ಹಳ್ಳಿಗೆ ಒಂದು ಬಿಯರ್ ತಯಾರಿಸುವ ಮನೆ. ಬಹಳಷ್ಟು ಕಡೆ ಒಂದೇ ಕುಟುಂಬ ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಮುಂದೆ ಊಟದ ಹೋಟೆಲು, ಹಿಂದೆ ತಯಾರಿಕೆ. ಕೆಲವರ ಬಿಯರ್ ಪಕ್ಕದ ಊರು ದಾಟಿ ಹೋಗೋದೇ ಇಲ್ಲ. ಔಫ್‌ಸೆಸ್ ಅಂತ ಒಂದು ಗ್ರಾಮ, ಸುತ್ತಲಿನ ಹಳ್ಳಿಗಳೂ ಸೇರಿ 1,500ಕ್ಕಿಂತ ಕಡಿಮೆ ಜನ. ಅಷ್ಟು ಜನಕ್ಕೆ ನಾಲ್ಕು ಬ್ರುವರಿ! ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಜಾಸ್ತಿ ಅಂತ 2000ದಲ್ಲಿ ಗಿನ್ನೆಸ್ ದಾಖಲೆಯೂ ಆಯಿತು. ನಾಲ್ಕನ್ನೂ ಸೇರಿಸುವ ಕಾಲುದಾರಿ ಇದೆ, ಸುಮಾರು 14 ಕಿಲೋಮೀಟರ್, ಹೊಲ ಮತ್ತು ಕಾಡಿನ ನಡುವೆ. ಅವತ್ತು ಕಾರನ್ನು ಒಂದು ಕಡೆ ನಿಲ್ಲಿಸಿ ನಡೆಯುವುದೇ ಪ್ಲಾನು. ಅವರು ಕುಡಿದಿದ್ದು ನಡೆದು ಇಳಿಯಲಿ.

ಬಿಯರ್‌ನಲ್ಲಿ ಏನೇನು ಹಾಕುತ್ತಾರೋ ಅಂತ ಬೇರೆ ಬರೆದಿದ್ದೀ. ಏನೂ ಇಲ್ಲ. ಬಾರ್ಲಿ, ಹಾಪ್ಸ್ ಅನ್ನುವ ಒಂದು ಬಳ್ಳಿಯ ಹೂವು, ನೀರು. 1516ರಲ್ಲಿ ಬವೇರಿಯಾದ ದೊರೆಗಳು ಮಾಡಿದ ಕಟ್ಟಳೆ ಅದು. ಯೀಸ್ಟ್ ಹೆಸರು ಅದರಲ್ಲಿ ಇರಲಿಲ್ಲ. ನಾವು ರಾಗಿ ಮೊಳಕೆ ಕಟ್ಟಿ ಒಣಗಿಸಿ ಹುರಿಯುತ್ತೇವಲ್ಲ, ಬಾರ್ಲಿಗೂ ಅದೇ ಉಪಚಾರ. ಅಪ್ಪನಿಗೆ ಒಂದು ಮಾತು ಹೇಳು: ಅವರ ಮಂಡಿಗೆ ಬರುವ ಮೆಕ್ಕೆಜೋಳವನ್ನು ಬೇರೆ ದೇಶಗಳಲ್ಲಿ ಬಿಯರಿಗೆ ಹಾಕುತ್ತಾರೆ. ಇಲ್ಲಿ ಮಾಮೂಲಿ ಬಿಯರಿಗೆ ಅದು ನಡೆಯಲ್ಲ.

ಗುರುವಾರ ಇಲ್ಲಿ ಒಂದು ಹಬ್ಬದ ರಜೆ, ಶುಕ್ರವಾರ ನಾವೇ ಹಾಕಿಕೊಂಡಿದ್ದೇವೆ. ಮೊದಲು ಫೋರ್ಕ್‌ಹೈಮ್. ಅಲ್ಲಿ ಊರ ಪಕ್ಕದ ಗುಡ್ಡದೊಳಗೆ ಸುರಂಗ ಕೊರೆದಿದ್ದಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರ್ ಪೀಪಾಯಿಗಳನ್ನು ತಣ್ಣಗೆ ಇಡುತ್ತಿದ್ದ ಜಾಗ. ಸುರಂಗದ ಮೇಲೆ ಮರಗಳ ನೆರಳಲ್ಲಿ ಬೆಂಚು ಹಾಕಿ ಅಲ್ಲೇ ಮಾರಲು ಶುರು ಮಾಡಿದರು. ನಮ್ಮ ಎರ್ಲಾಂಗೆನ್ ಗುಡ್ಡದಲ್ಲೂ ಹಾಗೇ. 1755ರಿಂದ ಅಲ್ಲೊಂದು ಜಾತ್ರೆ ಇದೆ, ಹನ್ನೆರಡು ದಿನ. ಇಂಥ ಜಾಗಗಳಲ್ಲಿ ನನಗೆ ಇಷ್ಟವಾಗಿದ್ದು ಇದು: ಬಹಳ ಕಡೆ ಊಟ ನಾವೇ ಕಟ್ಟಿಕೊಂಡು ಹೋಗಬಹುದು. 1812ರಲ್ಲಿ ಬವೇರಿಯಾದ ರಾಜ ಮ್ಯೂನಿಕ್‌ನವರಿಗೆ ನೆಲಮಾಳಿಗೆಯ ಹತ್ತಿರ ಬಿಯರ್, ಬ್ರೆಡ್ ಬಿಟ್ಟು ಬೇರೆ ಊಟ ಮಾರಬೇಡಿ ಅಂದ. ಜನ ಬುತ್ತಿ ತರುವ ಪದ್ಧತಿಗೆ ಅದೇ ಕಾರಣ ಅನ್ನುತ್ತಾರೆ. ದಾವಣಗೆರೆಯಲ್ಲಿ ಯಾವ ಹೋಟೆಲಿಗಾದರೂ ಬುತ್ತಿ ಬಿಚ್ಚಿ ಕೂತು ನೋಡು! ನಾನು ಚಪಾತಿ, ನಿನ್ನ ಶೇಂಗಾ ಪುಡಿ, ಮೊಸರು ಒಯ್ಯುತ್ತೇನೆ. ಅಲ್ಲೇ ಬಿಳಿ ಮೂಲಂಗಿಯನ್ನು ಸುರುಳಿಯಾಗಿ ಕೊಯ್ದು ಉಪ್ಪು ಹಾಕಿ ಕೊಡುತ್ತಾರೆ. ಅಷ್ಟಾದರೆ ಸಾಕು.

ಹೋಟೆಲ್ ಊಟದ ಕತೆ ಕಷ್ಟ. ಹಂದಿ ಭುಜ, ಆಲೂಗಡ್ಡೆ ಉಂಡೆ, ಅದರ ಮೇಲೆ ಮಾಂಸದ ರಸ. ಬಾಂಬರ್ಗ್‌ನಲ್ಲಂತೂ ಈರುಳ್ಳಿಯೊಳಗೂ ಮಾಂಸ ತುಂಬುತ್ತಾರೆ, ಈರುಳ್ಳಿಯನ್ನೂ ಬಿಡಲ್ಲ ನೋಡು. ಆದರೆ ಅದೇ ಊರಿನ ಮಧ್ಯೆ ತೋಟಗಾರರ ಕೇರಿ ಇದೆ, ಮನೆಗಳ ಹಿಂದೆ ಇವತ್ತಿಗೂ ತರಕಾರಿ ಬೆಳೆಯುತ್ತಾರೆ. ಆ ಊರು 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಈಗ ಬಿಳಿ ಶತಾವರಿಯ ಕಾಲ. ಬಿಸಿಲು ತಾಗದ ಹಾಗೆ ಮಣ್ಣು ಏರಿಸಿ ಬೆಳೆದಿದ್ದಕ್ಕೆ ಬೆಳ್ಳಗಿರುತ್ತದೆ. ಜೂನ್ 24ಕ್ಕೆ ಕೊಯ್ಲು ಬಂದ್. ಬೆಣ್ಣೆ, ಆಲೂಗಡ್ಡೆ ಜೊತೆ ಕೊಡುತ್ತಾರೆ. ಉಪವಾಸ ಬೀಳಲ್ಲ, ಸುಮ್ನೆ ಚಿಂತೆ ಮಾಡಬೇಡ.

ಬಾಂಬರ್ಗ್ ಇಲ್ಲಿಂದ 40 ಕಿಲೋಮೀಟರ್, ನಮಗೆ ದುರ್ಗಕ್ಕಿಂತ ಹತ್ತಿರ. ಅಲ್ಲಿನ ಹೊಗೆ ಬಿಯರ್ ನೋಡಲೇಬೇಕಂತೆ. ಮೊಳಕೆ ಬಾರ್ಲಿಯನ್ನು ಬೀಚ್ ಮರದ ಸೌದೆ ಉರಿಸಿ ಒಣಗಿಸುತ್ತಾರೆ, ಆ ಹೊಗೆ ಬಿಯರಿನಲ್ಲೇ ಉಳಿಯುತ್ತದೆ. ಹಿಂದೆ ಬೆಂಕಿಯ ಮೇಲೆ ಒಣಗಿಸುತ್ತಿದ್ದ ಕಡೆಯೆಲ್ಲ ಹೀಗೇ ಇತ್ತು. ಬಿಸಿಗಾಳಿಯ ಯಂತ್ರ ಬಂದ ಮೇಲೆ ಉಳಿದವರು ಬಹುತೇಕ ಬಿಟ್ಟರು, ಈ ಊರಿನ ಎರಡು ಬ್ರುವರಿಗಳು ಬಿಡಲಿಲ್ಲ. ಅದರಲ್ಲಿ ಶ್ಲೆಂಕರ್ಲಾ ಅನ್ನುವುದರ ಮನೆಗೆ 1405ರ ದಾಖಲೆ ಇದೆ. ನಾನು ವಾಸನೆ ನೋಡಿ ಬರುತ್ತೇನೆ.

ಕೊನೆಯ ದಿನ ಪೂರ್ವಕ್ಕೆ, ವಿಂಡಿಶ್‌ಎಶೆನ್‌ಬಾಖ್ ಕಡೆ. ಈ ಇಡೀ ಪ್ರವಾಸ ನಾನು ಹಾಕಿಕೊಂಡಿದ್ದೇ ಇದಕ್ಕಾಗಿ. ಅಲ್ಲಿ ಬಿಯರ್ ಕಾಯಿಸುವ ಮನೆ ಊರಿಗೆಲ್ಲ ಒಂದೇ. ಬಿಯರ್ ಮಾಡುವ ಹಕ್ಕು ಕೆಲವು ಮನೆಗಳಿಗೆ ಹಿಂದಿನಿಂದ ಅಂಟಿಕೊಂಡು ಬಂದಿದೆ. ಆ ಮನೆಯವರು ಸರದಿಯ ಪ್ರಕಾರ ಊರ ಕೊಪ್ಪರಿಗೆಯಲ್ಲಿ ಸೌದೆ ಹಾಕಿ ಕಾಯಿಸಿ, ತಮ್ಮ ತಮ್ಮ ನೆಲಮಾಳಿಗೆಗೆ ಒಯ್ದು ಹುಳಿ ಬರಿಸುತ್ತಾರೆ. ಯಾರ ಸರದಿಯೋ ಅವರ ಮನೆ ಮುಂದೆ ಆರು ಮೂಲೆಯ ನಕ್ಷತ್ರ ತೂಗು ಹಾಕುತ್ತಾರೆ. ಹೋದವರೆಲ್ಲ ಒಂದೇ ಮೇಜಿಗೆ ಒತ್ತಿಕೊಂಡು ಕೂರಬೇಕು. ಯಾರ ಮನೆ ಯಾವ ವಾರ ಅಂತ ಕ್ಯಾಲೆಂಡರ್ ನೋಡಿ ಹೊಂದಿಸುವಷ್ಟರಲ್ಲಿ ತಲೆ ಕೆಟ್ಟಿತು. ನಾಲೆ ನೀರಿನ ಸರದಿಗೆ ನಮ್ಮವರು ಹೊಡೆದಾಡುವುದನ್ನು ಕಂಡ ಅಪ್ಪನಿಗೆ ಇದನ್ನು ಓದಿ ಹೇಳು, ಖುಷಿಪಡುತ್ತಾರೆ.

ಅಪ್ಪ ಅಂದೆ. ಈಗ ಅದಕ್ಕೇ ಬರುತ್ತೇನೆ.

ಬಿಯರಿಗೆ ಎರಡು ಪುಟ ಬರೆದವಳು ಅಪ್ಪನ ಕಾಲಿಗೆ ಒಂದೇ ಸಾಲು ಬರೆದಿದ್ದೀ, ಅದೂ ಕೊನೆಗೆ, ಅಂಚಿನಲ್ಲಿ. "ಬಲಗಾಲ ಹೆಬ್ಬೆರಳ ಕೆಳಗೆ ಗುಳ್ಳೆ ಒಡೆದು ಗಾಯ ಆಗಿದೆ, ಯುಗಾದಿಯಿಂದ ಇದೆ, ನೋವಿಲ್ಲ, ಅರಿಶಿನ ಹಚ್ಚುತ್ತಿದ್ದೇವೆ." ಅಮ್ಮ, ಯುಗಾದಿ ಆಗಿ ಎಷ್ಟು ದಿನ ಆಯಿತು? ಇಷ್ಟು ವರ್ಷದ ಸಕ್ಕರೆ ಕಾಯಿಲೆಯವರ ಪಾದದ ಗಾಯಕ್ಕೆ ಅರಿಶಿನವಾ?

ನೋವಿಲ್ಲ ಅನ್ನುವುದೇ ನನಗೆ ಭಯ. ಸಕ್ಕರೆ ಬಹಳ ವರ್ಷ ಜಾಸ್ತಿ ಇದ್ದರೆ ಪಾದದ ನರಗಳು ಸಾಯುತ್ತಾ ಬರುತ್ತವೆ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ, ಸುಟ್ಟರೂ ಗೊತ್ತಾಗಲ್ಲ. ಜೊತೆಗೆ ರಕ್ತ ಓಡುವುದು ಕಡಿಮೆಯಾದರೆ ಗಾಯ ಒಣಗಲ್ಲ. ಮೇಲೆ ಸಣ್ಣದಾಗಿ ಕಂಡರೂ ಸೋಂಕು ಒಳಗೆ ಮೂಳೆಗೆ ಇಳಿದಿರಬಹುದು. ಮಂಗಳವಾರ ದುಗ್ಗಮ್ಮನ ಗುಡಿಗೆ ಬರಿಗಾಲಲ್ಲಿ ಹೋಗುತ್ತಾರಲ್ಲ, ಈ ಬಿಸಿಲಲ್ಲಿ ಕಲ್ಲು ಕಾದಿರುತ್ತದೆ. ಗುಳ್ಳೆ ಬಂದಿದ್ದು ಅಲ್ಲಿಂದಲೇ ಇರಬೇಕು. ದೇವಿ ಬೇಜಾರು ಮಾಡಿಕೊಳ್ಳಲ್ಲ, ಸ್ವಲ್ಪ ದಿನ ಮನೆಯಿಂದಲೇ ಕೈ ಮುಗಿಯಲಿ.

ಓಣಿಯ ಕಾಂಪೌಂಡರ್ ಮುಲಾಮು ಇನ್ನು ಬೇಡ. ಸೋಮವಾರ ಬೆಳಿಗ್ಗೆ ಬಾಪೂಜಿ ಆಸ್ಪತ್ರೆಗೋ ಚಿಗಟೇರಿಗೋ ಕರೆದುಕೊಂಡು ಹೋಗಿ, ಸರ್ಜನ್‌ಗೇ ತೋರಿಸಿ. ಪಾದದ ಎಕ್ಸ್‌ರೇ ಬೇಕಾ, ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ಡಾಪ್ಲರ್ ಬೇಕಾ, ಬಾಯಿಬಿಟ್ಟು ಕೇಳಿ. ಎಚ್‌ಬಿಎ1ಸಿ ಮಾಡಿಸಿ. ಅದು ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ, ಹಿಂದಿನ ದಿನ ಪಥ್ಯ ಮಾಡಿ ಮೋಸ ಮಾಡೋಕೆ ಆಗಲ್ಲ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಬೇಡ. ಕುಂದುವಾಡ ಕೆರೆ ವಾಕಿಂಗ್ ಬಂದ್. ಬಿಸಿನೀರಲ್ಲಿ ಕಾಲು ಇಡಬೇಡಿ, ಬ್ಲೇಡು ಮುಟ್ಟಿಸಬೇಡಿ. ಗಾಯ ವಾಸನೆ ಬಂದರೆ, ಕಪ್ಪಾದರೆ, ಪಾದ ಊದಿಕೊಂಡು ಕೆಂಪಾದರೆ, ಜ್ವರ ಬಂದರೆ ಸೋಮವಾರವನ್ನೂ ಕಾಯಬೇಡಿ. ರಾತ್ರಿಯಾದರೂ ಸರಿ, ಹೊರಡಿ.

ಅಪ್ಪ ಏನನ್ನುತ್ತಾರೆ ಅಂತ ನನಗೆ ಗೊತ್ತು. "ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸ್ತಾರೆ." ಹಿಂದಿನ ಮನೆ ಅಜ್ಜನನ್ನು ನೋಡಿ ಹೆದರಿದ್ದಾರೆ. ಆ ಅಜ್ಜ ಹೋಗಿದ್ದು ಬೆರಳು ಕಪ್ಪಾದ ಮೇಲೆ. ಬೇಗ ಹೋದವರ ಗಾಯ ಡ್ರೆಸ್ಸಿಂಗ್, ಔಷಧಿ, ಸರಿಯಾದ ಚಪ್ಪಲಿಯಲ್ಲೇ ಬಹಳಷ್ಟು ವಾಸಿಯಾಗುತ್ತದೆ. ಇದನ್ನು ಅವರೆದುರು ಮಂಜು ಜೋರಾಗಿ ಓದಲಿ. ಗಾಯ ಆರಿದ ಮೇಲೆ ಎಂಸಿಆರ್ ಚಪ್ಪಲಿ, ಅಂದರೆ ಸಕ್ಕರೆ ಕಾಯಿಲೆಯವರಿಗೆ ಅಂತ ಮಾಡುವ ಮೆತ್ತನೆ ರಬ್ಬರಿನದು, ತೆಗೆದುಕೊಡಿ, ಮನೆಯೊಳಗೂ ಹಾಕಿಕೊಳ್ಳಬೇಕು. ಆ ಹಳೇ ಚರ್ಮದ ಜೋಡು ಬಿಸಾಡಿ.

ಇನ್ನು ದುಡ್ಡು. ಅದಕ್ಕೇ ಸುಮ್ಮನಿದ್ದೀರಾ? ಮಂಜು ಅಕೌಂಟಿಗೆ ಇವತ್ತೇ ಹಾಕಿದ್ದೇನೆ, ಬೇಕಾದರೆ ಇನ್ನೂ ಹಾಕುತ್ತೇನೆ. ಮಂಡಿಯ ಲೆಕ್ಕ, ರೈತರ ಬಾಕಿ, ಈ ನೆಪಗಳು ನನಗೆ ಬೇಡ. ಮಾವಿನಹಣ್ಣಿನ ಕಾಲ ಬೇರೆ. ಬೆಳಿಗ್ಗೆ "ಮಂಡಿಗೆ ಹೋಗಿ ಬರ್ತೀನಿ" ಅಂತ ಹೋಗಿ ಬೆಣ್ಣೆ ದೋಸೆ ತಿಂದು ಬರುತ್ತಾರಾ, ಅದನ್ನೂ ಕೇಳು. ನಿನ್ನ ಮಾತಿಗೆ ಹೆದರಲ್ಲ, ನನ್ನ ಹೆಸರು ಹೇಳು.

ಒಂದು ವಿಷಯ ಅಪ್ಪನಿಗೆ ಸ್ಪಷ್ಟವಾಗಿ ಹೇಳಿಬಿಡು. ನಾವು ಕಾದಿರಿಸಿದ ರೂಮುಗಳನ್ನು ಮಂಗಳವಾರ ಸಂಜೆಯವರೆಗೆ ದುಡ್ಡು ಕೊಡದೆ ರದ್ದು ಮಾಡಬಹುದು. ಅಷ್ಟರೊಳಗೆ ಡಾಕ್ಟರ ಚೀಟಿ ನನ್ನ ಫೋನಿಗೆ ಬಂದಿರಬೇಕು. ಬರದಿದ್ದರೆ ಪ್ರವಾಸ ರದ್ದು, ಆ ದುಡ್ಡಿಗೆ ಬೆಂಗಳೂರಿನ ಟಿಕೆಟ್ಟು. ನನ್ನ ಜೊತೆಯ ಮೂವರ ಶಾಪ ಅಪ್ಪನಿಗೆ ತಟ್ಟುತ್ತದೆ. ಹೆದರಿಸುತ್ತಿಲ್ಲ. ಹೇಳುತ್ತಿದ್ದೇನೆ ಅಷ್ಟೆ.

ನೀನು ಗಾಬರಿಯಾಗಬೇಡ. ಏನೂ ಆಗಲ್ಲ. ಖಂಡಿತ ಏನೂ ಆಗಲ್ಲ. ಸಣ್ಣ ಗಾಯವೇ ಇರಬೇಕು. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತದೆ. ಕಾರು ನಿಧಾನವಾಗಿಯೇ ಓಡಿಸುತ್ತೇನೆ, ಹಳ್ಳಿ ರಸ್ತೆಗಳೇ ಜಾಸ್ತಿ. ಪ್ರತಿ ರಾತ್ರಿ ತಲುಪಿದ ಮೇಲೆ ಮೆಸೇಜ್ ಹಾಕುತ್ತೇನೆ. ದೊಡ್ಡಮ್ಮನಿಗೆ ನಮಸ್ಕಾರ ಹೇಳು, ಕಾಲಿನ ವಿಷಯ ಮಾತ್ರ ಹೇಳಬೇಡ. ಸಂಜೆಯೊಳಗೆ ಇಡೀ ದುರ್ಗಕ್ಕೆ ಗೊತ್ತಾಗುತ್ತದೆ.

ಗಂಟೆ ಏಳೂಮುಕ್ಕಾಲು. ಎಂಟಕ್ಕೆ ಅಂಗಡಿ ಮುಚ್ಚುತ್ತಾರೆ, ನಾಳೆ ಭಾನುವಾರ ಪೂರ್ತಿ ಬಂದ್, ಮನೆಯಲ್ಲಿ ಹಾಲಿಲ್ಲ. ಓಡುತ್ತೇನೆ.

ನಿನ್ನ
ಪುಟ್ಟಿ

ಮಂಜು, ಮೊದಲು ಓದುವವನು ನೀನೇ ಅಂತ ಗೊತ್ತು. ಅಮ್ಮನಿಗೆ ಪ್ರಿಂಟ್ ಕೊಡುವ ಮುಂಚೆ ಅಪ್ಪನ ಪಾದದ ಫೋಟೊ ತೆಗೆದು ಕಳಿಸು. ಬೆಳಕಿನಲ್ಲಿ ತೆಗಿ, ಪಟ್ಟಿ ಬಿಚ್ಚಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಅವರು ಬೇಡ ಅಂದರೆ ಮಲಗಿದ ಮೇಲೆ ತೆಗಿ.